ಆರು ಸಲ ಎಂದು ನಾನು ಬರೆದದ್ದು

೧೯೬೩ರ ಬೇಸಿಗೆಯಲ್ಲಿ ನಾನು ಹಸ್ತಪ್ರತಿ ಸಂಪಾದನೆಯ ಕೆಲಸಕ್ಕೆ ಎರಡು ತಿಂಗಳ ರಜೆ ಹಾಕಿ, ಒಂದು ಚಲನಚಿತ್ರಕ್ಕೆ ಪಠ್ಯ ಸಹಾಯಕನಾಗಿ ಸೇರಿದೆ. ಯಲಹಂಕದಲ್ಲಿ ಗುಡಾರ ಹಾಕಿದ್ದ ನಾಟಕ ಕಂಪನಿಯೊಂದರ ಸಂಗೀತ ನಾಟಕವನ್ನು ತೆರೆಗೆ ತರುವುದು ನಿರ್ದೇಶಕ ವೆಂಕಟೇಶಯ್ಯನವರ ಉದ್ದೇಶ. ಕಂಪನಿಯಲ್ಲಿ ನಾಟಕದ ಪೂರ್ಣ ಪ್ರತಿ ಇರಲಿಲ್ಲ. ಒಬ್ಬೊಬ್ಬ ನಟನ ಬಳಿ ಅವನವನ ಪಾತ್ರದ ಮಾತುಗಳಷ್ಟೇ ಇದ್ದವು. ಪ್ರದರ್ಶನವನ್ನು ಕೇಳಿ ಪೂರ್ಣ ಪಠ್ಯ ಸಿದ್ಧಪಡಿಸುವುದು ನನ್ನ ಪಾಲಿಗೆ ಬಂತು.

ಯುದ್ಧಕ್ಕೆ ಹೋದ ಅರಸನಿಗಾಗಿ ರಾಣಿ ಕಾಯುತ್ತ ಹಾಡುವ ಹಾಡೇ ಆ ನಾಟಕದ ಜೀವ. ಅದರ ಕೊನೆಯಲ್ಲಿ ‘ಬಂದರೇನೆ ನೋಡೆ ಸಖಿ’ ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ನಾನು ಕೇಳಿದ ದಿನ ಆರು ಸಲ ಬಂತು. ‘ಆರು ಸಲ’ ಎಂದು ಬರೆದುಕೊಂಡು, ಇದು ಆರು ಋತುಗಳ ವಿರಹವನ್ನು ಧ್ವನಿಸುತ್ತದೆ ಎಂಬ ಅಡಿಟಿಪ್ಪಣಿಯನ್ನೂ ಸೇರಿಸಿದೆ. ಒಂದೇ ಪ್ರದರ್ಶನವನ್ನು ನಂಬುವುದು ಸಂಪಾದಕ ಮಾಡಬಾರದ ತಪ್ಪು. ಆದರೆ ವೆಂಕಟೇಶಯ್ಯನವರಿಗೆ ಟಿಪ್ಪಣಿ ಬಹಳ ಹಿಡಿಸಿತು. ಚಿತ್ರದಲ್ಲೂ ಆ ಸಾಲು ಸರಿಯಾಗಿ ಆರೇ ಸಲ ಬರಬೇಕೆಂದು ಹಟ ಹಿಡಿದರು.

ರಾಣಿಯ ಪಾತ್ರ ಅಬ್ಬಿಗೆರೆಯ ಪುಟ್ಟತಾಯಮ್ಮನದು. ಹತ್ತೊಂಬತ್ತು ವರ್ಷ ಅದನ್ನೇ ಹಾಡಿದ್ದವರು. ಗುಡಾರದ ಮೇಲ್ಹೊದಿಕೆ ತೆಗೆಸಿ, ಹಗಲ ಬೆಳಕಿನಲ್ಲಿ, ಧ್ವನಿಯನ್ನು ಅಲ್ಲೇ ಮುದ್ರಿಸುತ್ತ ಚಿತ್ರೀಕರಣ ಮಾಡಬೇಕಿತ್ತು. ಅದಕ್ಕಾಗಿ ಮದರಾಸಿನಿಂದ ಬಂದ ಸೌಂಡ್ ವ್ಯಾನು ಮೂರೇ ದಿನ ಇರುವುದು. ಎರಡು ದಿನ ಕಳೆದರೂ ಹಾಡು ಸರಿಬರಲಿಲ್ಲ. ಮೂರನೆಯ ಸಂಜೆಯೊಳಗೆ ಆಗದಿದ್ದರೆ ಮದರಾಸಿನಿಂದ ಬೇರೆ ನಟಿಯನ್ನು ಕರೆಸುವುದೆಂದು ತೀರ್ಮಾನವಾಗಿತ್ತು. ಪುಟ್ಟತಾಯಮ್ಮನಿಗೂ ಅದು ಗೊತ್ತಿತ್ತು.

ಆ ಮೂರನೆಯ ದಿನ ಬುಧವಾರ ಎನ್ನುತ್ತದೆ ನನ್ನ ದಿನಚರಿ. ಚಿತ್ರೀಕರಣದ ಹಾಳೆಯಲ್ಲಿ ಗುರುವಾರವೆಂದಿದೆ. ಹಾಳೆ ಅಂದೇ ಬೆರಳಚ್ಚಾದದ್ದು, ದಿನಚರಿಯನ್ನು ನಾನು ತಡವಾಗಿ ತುಂಬಿದ್ದು. ಆದ್ದರಿಂದ ಗುರುವಾರವನ್ನೇ ಒಪ್ಪುತ್ತೇನೆ.

ಬೆಳಗಿನಿಂದಲೇ ಪುಟ್ಟೇನಹಳ್ಳಿ ಕೆರೆಯ ಕಡೆಯ ಗಾಳಿ ಗುಡಾರದ ಪಕ್ಕದ ಬಟ್ಟೆಯನ್ನು ಪಟಪಟ ಬಡಿಯುತ್ತಿತ್ತು. ಯಾರೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಪುಟ್ಟತಾಯಮ್ಮ ಬೆರಳು ಮಡಿಸಿ ಎಣಿಸುತ್ತ ಹಾಡಿದರೂ ಒಮ್ಮೆ ಐದಕ್ಕೇ ನಿಲ್ಲಿಸಿದರು, ಇನ್ನೊಮ್ಮೆ ಏಳಕ್ಕೆ ಹೋದರು.

“ಪುಟ್ಟತಾಯಮ್ಮ, ಆರು ಅಂದ್ರೆ ಆರು,” ಎಂದರು ವೆಂಕಟೇಶಯ್ಯ. “ಬೆರಳು ಮಡಿಸೋದು ಕ್ಯಾಮೆರಾಗೆ ಕಾಣುತ್ತೆ ಕಣ್ರೀ. ಗಂಡನ್ನ ಕಾಯ್ತಿದ್ದೀರೋ, ಮನೆಮನೆಗೆ ಹಾಲು ಅಳೀತಿದ್ದೀರೋ?”

“ಎಣಿಸ್ಕೊಂಡು ಯಾರಾನ ಕಾಯ್ತಾರಾ ಸ್ವಾಮಿ?” ಎಂದರು ಆಕೆ. “ಅಂಗೆ ಕಾಯೋದು ನಂಗೆ ಬರಾಕಿಲ್ಲ.”

ಪ್ರತಿ ಸಾಲು ಮುಗಿದಾಗಲೂ ಆಕೆಯ ಕಣ್ಣು ಎಡಕ್ಕೆ ಓಡುವುದನ್ನು ಆಗ ಗಮನಿಸಿದೆ. ಅಲ್ಲಿ ಯಾರೂ ಇರಲಿಲ್ಲ. ಊಟದ ವಿರಾಮದಲ್ಲಿ ಹೋಗಿ ಕೇಳಿದೆ: “ಅಮ್ಮ, ಆ ಕಡೆ ಏನು ನೋಡ್ತೀರಿ?”

“ಬಸಪ್ಪಣ್ಣನ್ನ,” ಎಂದರು. ಬಸಪ್ಪ ಅರಸನ ಪಾತ್ರಧಾರಿ, ಹಿಂದಿನ ದೃಶ್ಯದ ಋಷಿಯೂ ಅವನೇ. “ಅದಕ್ಕೆ ಮುಂಚೆ ಅವ್ನು ಋಷಿ ವೇಸ ಆಕಿರ್ತಾನಲ್ಲ. ಗಡ್ಡ ಕಿತ್ತು, ಕಿರೀಟ ಕಟ್ಕಂಡು ಸೈಡಿಗೆ ಬಂದು ನಿಂತ್ರೆ ನಾನು ಪದ ನಿಲ್ಲಿಸ್ತೀನಿ. ಬರ್ಲಿಲ್ಲಾಂದ್ರೆ ಅದೇ ಸಾಲು ಅಂತಾನೇ ಇರ್ತೀನಿ. ಒಂದಿನ ಗಡ್ಡ ಕಿತ್ಕಂಡು ಬರ್ಲೇ ಇಲ್ಲ, ಇಪ್ಪತ್ತು ಸಲ ಅಂದಿವ್ನಿ!”

ನಾನು ನನ್ನ ಟಿಪ್ಪಣಿಯ ಹಾಳೆ ಎತ್ತಿಕೊಂಡೆ. ಆಮೇಲೆ ನೇರ ವೆಂಕಟೇಶಯ್ಯನವರ ಬಳಿ ಹೋಗಿ, ಎಲ್ಲರೆದುರಿಗೇ ತಪ್ಪೊಪ್ಪಿಕೊಂಡೆ. ಅವರು ನನ್ನ ಟಿಪ್ಪಣಿಯ ಹಾಳೆಯನ್ನು ದಿಟ್ಟಿಸಿ, “ಏನ್ ಸ್ವಾಮಿ, ನಿಮ್ಮ ಆರು ಋತುಗಳೂ ಬಸಪ್ಪನ ಗಡ್ಡದಲ್ಲಿದ್ವಾ!” ಎಂದರು. ನಗು ನಿಂತ ಮೇಲೆ ಬಸಪ್ಪನಿಗೆ ಹೇಳಿದರು: “ಗಡ್ಡ ಅಂಟಿಸ್ಕೊಂಡು ಮರೆಯಲ್ಲಿರು. ಹಾಡು ಶುರುವಾದ ಮೇಲೆ ಕಿತ್ತು, ಕಿರೀಟ ಕಟ್ಕೊಂಡು ಬಾ.”

“ಗೋಂದು ಹೊಸದು ಗುರುವೇ, ಗಡ್ಡದ ಜೊತೆ ಗಲ್ಲಾನೂ ಬರುತ್ತೆ!” ಎಂದ ಬಸಪ್ಪ.

ಉಳಿದಿದ್ದು ಎರಡೇ ಫಿಲ್ಮ್ ಸುರುಳಿ. ನಾನೂರು ಅಡಿಯ ಒಂದು ಸುರುಳಿ ನಾಲ್ಕೂವರೆ ನಿಮಿಷಕ್ಕೆ ಸ್ವಲ್ಪ ಮುಂಚೆಯೇ ಮುಗಿಯುತ್ತದೆ. ಮೊದಲನೆಯದನ್ನು ರೈಲಿನ ಸಿಳ್ಳೆ ಹಾಳುಮಾಡಿತು.

ಎರಡನೆಯದಕ್ಕೆ ಸ್ಟಾಪ್‌ವಾಚ್ ಹಿಡಿದು ನಿಂತೆ. ಆರನೆಯ ಸಲ ಮುಗಿಯಿತು. ಪುಟ್ಟತಾಯಮ್ಮ ಎಡಕ್ಕೆ ನೋಡಿದರು, ಬಸಪ್ಪನಿಲ್ಲ. ಏಳನೆಯದಕ್ಕೆ ಆಕೆಯ ಕೈ ತಾನಾಗಿ ಕಂಬವನ್ನು ಹಿಡಿಯಿತು. ಬೆರಳು ಮಡಿಸುವುದು ಮರೆತೇಹೋಗಿತ್ತು. ನಾಲ್ಕು ನಿಮಿಷ ಹತ್ತು ಸೆಕೆಂಡು. ಇನ್ನು ಫಿಲ್ಮ್ ಇಲ್ಲವೆಂದು ಕ್ಯಾಮೆರಾ ಸಹಾಯಕ ಕೈ ಆಡಿಸುತ್ತಿದ್ದ. ಎಂಟನೆಯ ಸಲ ‘ಬಂದರೇ’ ಎನ್ನುವಷ್ಟರಲ್ಲಿ ಬಸಪ್ಪ ವಾಲಿದ ಕಿರೀಟದೊಡನೆ ಮರೆಯಿಂದ ಹೊರಬಂದ. ಆಕೆ ಹಾಡನ್ನು ಅಲ್ಲಿಗೇ ಬಿಟ್ಟರು. ಸಾಲು ಪೂರ್ತಿಯಾಗಲೇ ಇಲ್ಲ. ‘ಕಟ್’ ಎನ್ನುವುದಕ್ಕೂ ಮೊದಲೇ ಫಿಲ್ಮ್ ಮುಗಿದು ಯಂತ್ರ ಸುಮ್ಮನಾಯಿತು.

ಮದರಾಸಿಗೆ ವ್ಯಾನು ಹೋಯಿತು. ಅಲ್ಲಿಂದ ಯಾವ ನಟಿಯೂ ಬರಲಿಲ್ಲ. ಚಿತ್ರದಲ್ಲಿ ಉಳಿದದ್ದು ಆ ಅರ್ಧ ಸಾಲೇ.

ಅಲ್ಲಿಂದಾಚೆಗೆ ಯಾವ ಹಸ್ತಪ್ರತಿಯಲ್ಲಿ ಪುನರುಕ್ತಿ ಕಂಡರೂ, ಅದಕ್ಕೆ ಅರ್ಥ ಹೇಳುವ ಮೊದಲು ಹಾಡಿದವರು ಆಗ ಯಾರ ದಾರಿ ನೋಡುತ್ತಿದ್ದರೆಂದು ವಿಚಾರಿಸುವ ಅಭ್ಯಾಸ ಮಾಡಿಕೊಂಡೆ. ಚಿತ್ರಮಂದಿರದಲ್ಲಿ ಮಾರಿದ ಹಾಡಿನ ಪುಸ್ತಕ ಮಾತ್ರ ಅಷ್ಟರಲ್ಲೇ ಅಚ್ಚಾಗಿಬಿಟ್ಟಿತ್ತು. ಅದರಲ್ಲಿ ಈಗಲೂ ‘ಆರು ಸಲ’ ಎಂದೇ ಇದೆ. ನನ್ನ ಪ್ರತಿಯಲ್ಲಿ ಅದನ್ನು ಪೆನ್ಸಿಲಿನಿಂದ ಹೊಡೆದುಹಾಕಿ ‘ಏಳೂವರೆ’ ಎಂದು ತಿದ್ದಿಟ್ಟುಕೊಂಡಿದ್ದೇನೆ. ಅಡಿಟಿಪ್ಪಣಿ ಬರೆದಿಲ್ಲ.