ಮಸಿಬಟ್ಟೆ ಸೀದ ವಾಸನೆ

ಒಂದು ಕಾಲದಲ್ಲಿ ನನ್ನ ಮೂಗಿಗೆ ರಾಬರ್ಟ್‌ಸನ್‌ಪೇಟೆಯಲ್ಲಿ ದೊಡ್ಡ ಹೆಸರಿತ್ತು. ಅಲ್ಲಿನ ಚಿನ್ನದ ಗಣಿಗೆ ಮರದ ದಿಮ್ಮಿ ಒದಗಿಸುತ್ತಿದ್ದ ಸಾಹುಕಾರರೊಬ್ಬರ ಕಾರು ಓಡಿಸುತ್ತಿದ್ದೆ. ಸುಡುತ್ತಿರುವುದು ವೈರೋ, ಸೋರಿದ ಆಯಿಲೋ ಎಂದು ಬಾನೆಟ್ ಎತ್ತುವ ಮೊದಲೇ ಹೇಳಿಬಿಡುತ್ತಿದ್ದೆ. ಬೇರೆ ಡ್ರೈವರುಗಳು ಗಾಡಿ ತಂದು ನಿಲ್ಲಿಸಿ, "ವಸಿ ಮೂಸಿ ನೋಡಣ್ಣಾ" ಅನ್ನುತ್ತಿದ್ದರು. ನನಗೂ ಕೊಬ್ಬು ಕಡಿಮೆಯಿರಲಿಲ್ಲ. ಮೂಸುವ ಮುಂಚೆ ಒಂದು ಬೀಡಿ ಮುಗಿಯುವವರೆಗೆ ಅವರನ್ನು ಕಾಯಿಸುತ್ತಿದ್ದೆ.

ಒಂದು ಚಳಿಗಾಲ ಜ್ವರ ಬಂತು. ಹತ್ತು ದಿನ ಮಲಗಿ ಎದ್ದೆ. ಜ್ವರ ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಗಿತ್ತು. ಹುರುಳಿ ಬಸ್ಸಾರು ಉಂಡರೆ ಬಿಸಿನೀರು ಕುಡಿದ ಹಾಗೆ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದುಕೊಂಡೆ. ಎರಡು ತಿಂಗಳಾದರೂ ಬರಲಿಲ್ಲ. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ಒಂದು ದಿನ ಸಾಹುಕಾರರು ಮೊಮ್ಮಕ್ಕಳಿಬ್ಬರನ್ನು ಹಿಂದೆ ಕೂರಿಸಿಕೊಂಡು, ರೈಲು ತೋರಿಸಿಕೊಂಡು ಬರಲು ಬಂಗಾರಪೇಟೆ ಸ್ಟೇಷನ್ನಿಗೆ ಹೊರಟಿದ್ದರು. ದಾರಿಯಲ್ಲಿ ಕೇಳಿದರು:

"ಏನಯ್ಯಾ, ಏನೋ ಸುಡ್ತಾ ಐತಲ್ಲ?"

ನನ್ನ ಮೂಗಿಗೆ ಏನೂ ಇಲ್ಲ. "ಊರಿಗಾಂ ಗಣಿ ಕಡೆ ಚಿಮಣಿ ಹೊಗೆ ಸಾವ್ಕಾರ್ರೇ, ಗಾಳಿ ಇತ್ಲಾಗೈತೆ" ಎಂದೆ. ಅವರು ನಂಬಿದರು, ಏಕೆಂದರೆ ಹೇಳಿದ್ದು ನಾನು. ಸ್ಟೇಷನ್ನಿನಲ್ಲಿ ಅವರು ಇಳಿದ ಮೇಲೆ ಬಾನೆಟ್ ಎತ್ತಿ ಒಂದೊಂದು ವೈರನ್ನೂ ಕಣ್ಣಿನಿಂದ ತಡಕಾಡಿದೆ. ಯಾವುದೂ ಸುಟ್ಟಿರಲಿಲ್ಲ. ವಾಪಸು ಬರುವಾಗ ಚಿಕ್ಕ ಮಗು ಮೂಗು ಮುಚ್ಚಿಕೊಂಡಿತು. ಇಳಿಯುವಾಗ ಸಾಹುಕಾರರು, "ಇವತ್ತು ಗಾಳಿ ನಮ್ ಜೊತೇಲೇ ಬತ್ತಾ ಐತೆ" ಅಂದರು. ನಾಚಿಕೆಯಿಂದ ಸತ್ತೆ.

ಭಾನುವಾರ, ತೊಳೆಯುವ ನೆಪ ಹೇಳಿ, ಕಾರನ್ನು ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಗೆ ತಂದೆ. ನಿಲ್ಲಿಸಿದ ಕೂಡಲೇ ಹೆಂಡತಿಯನ್ನು ಕರೆದು, "ಸುತ್ತ ಮೂಸು. ಎಲ್ಲಿ ಏನು ವಾಸ್ನೆ ಅಂತ ಹೇಳು" ಎಂದೆ. ಕಾರಿನ ಬಾಗಿಲನ್ನೇ ಎಂದೂ ಮುಟ್ಟದವಳು ಸೆರಗು ಸಿಕ್ಕಿಸಿಕೊಂಡು ಬಾನೆಟ್ಟಿನ ಮೇಲೆ ಬಗ್ಗಿದಳು.

"ಇಲ್ಲೇನಿಲ್ಲ, ಬರೀ ಎಣ್ಣೆ ಕಮಟು."

ಒಂದೊಂದೇ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೂಸಿದಳು. ಹಿಂದಿನ ಎಡಚಕ್ರದ ಹತ್ತಿರ ಕೂತವಳು ಏಳಲಿಲ್ಲ.

"ಬಾ ಇಲ್ಲಿ. ಮಸಿಬಟ್ಟೆ ಸೀದಂಗೈತೆ. ಒಲೆ ಪಕ್ಕ ಮರ್ತುಬಿಟ್ರೆ ಬತ್ತದಲ್ಲ, ಅದೇ."

ನನಗೆ ಅಷ್ಟೇ ಸಾಕಾಯಿತು. ಬ್ರೇಕಿನೊಳಗಿನ ಲೈನಿಂಗು ನೇಯ್ದ ನಾರಿನದು. ಸೀದರೆ ಬಟ್ಟೆಯ ವಾಸನೆಯೇ. ಚಕ್ರದ ನಡುವೆ ಕೈಯಿಟ್ಟೆ, ಸುಟ್ಟಿತು. ಕೈಯಿಟ್ಟು ನೋಡಬೇಕೆಂದು ಸ್ಟೇಷನ್ನಿನಲ್ಲೇ ಏಕೆ ಹೊಳೆಯಲಿಲ್ಲ? ಅಷ್ಟು ವರ್ಷ ಮೂಗನ್ನೇ ನಂಬಿದವನಿಗೆ ಕೈಯಿರುವುದೇ ಮರೆತುಹೋಗಿತ್ತು.

ಜಾಕ್ ಕೊಟ್ಟು ಎತ್ತಿದರೆ ಚಕ್ರ ಮಲಗಿದ ಎಮ್ಮೆಯ ಹಾಗೆ ಅಲ್ಲಾಡಲಿಲ್ಲ. ಬ್ರೇಕಿನ ಕಡ್ಡಿಯ ಪಿನ್ನು ತುಕ್ಕು ಹಿಡಿದಿತ್ತು. ಪೆಡಲಿನಿಂದ ಕಾಲು ತೆಗೆದರೂ ಬ್ರೇಕು ಚಕ್ರವನ್ನು ಬಿಡುತ್ತಿರಲಿಲ್ಲ. ಪಿನ್ನನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಮರಳುಕಾಗದದಲ್ಲಿ ಉಜ್ಜಿ, ಕಡ್ಡಿಯ ನಟ್ಟನ್ನು ಎರಡು ಸುತ್ತು ಸಡಿಲಿಸಿದೆ. ಚಕ್ರ ಬೆರಳಲ್ಲಿ ತಳ್ಳಿದರೆ ತಿರುಗಿತು. ಅವಳು ಮತ್ತೆ ಮೂಸಿ ತಲೆಯಾಡಿಸಿದಳು.

ಮರುದಿನ, ಸುಡುತ್ತಿದ್ದ ಬ್ರೇಕನ್ನು ನಾನೇ ಮೂಸಿ ಹಿಡಿದೆನೆಂದುಕೊಂಡು ಸಾಹುಕಾರರು ಮನಸಾರೆ ಹೊಗಳಿದರು. "ಮೂಗು ಅಂದ್ರೆ ನಿಂದೇ ಕಣಯ್ಯಾ!" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಿಂದೆ ಮಕ್ಕಳು ನಗುತ್ತಾ ಕೂತಿದ್ದರು. ಚಕ್ರಕ್ಕಾದರೆ ಇಳಿದು ಕೈಯಿಡಬಹುದು. ಓಡುವಾಗ ಅವರ ಸೀಟಿನ ಕೆಳಗೆ ವೈರು ಹೊತ್ತಿಕೊಂಡರೆ ನನಗೆ ಯಾರು ಹೇಳುತ್ತಾರೆ?

ಆ ಸಂಜೆ ಹೆಂಡತಿ, "ನಿನ್ ಮೂಗಿಗೆ ಯಾರ್ದೋ ಕಣ್ಣು ಬಿದ್ದೈತೆ, ತೆಗೀತೀನಿ ಕೂತ್ಕೋ" ಎಂದಳು. ನಮ್ಮ ಕಡೆ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಎಂದರ್ಥ, ಅಲ್ಲಿಗೆ ಅದು ಸುಟ್ಟುಹೋಗುತ್ತದೆ. ಘಾಟು ಬಂದರೆ ದೃಷ್ಟಿಯಲ್ಲ, ಬೇರೇನೋ. ಅದಕ್ಕೆ ಒಲೆಯಲ್ಲಿ ಮದ್ದಿಲ್ಲ. ಇಂಥದ್ದನ್ನೆಲ್ಲ ನಾನು ಗೇಲಿ ಮಾಡುತ್ತಿದ್ದವನು. ಅವತ್ತು ಘಾಟು ಬಾರದಿರಲಪ್ಪಾ ಎಂದು ಕಂಡ ದೇವರಿಗೆಲ್ಲ ಕೈಮುಗಿದು ಕೂತೆ.

ಮೂರು ಸಲ ನಿವಾಳಿಸಿ ಹಾಕಿದಳು. ಮೆಣಸಿನಕಾಯಿ ಚಟಪಟ ಅಂದವು. ಒಂದು ಗಳಿಗೆ ಏನೂ ಆಗಲಿಲ್ಲ, ಆಸೆಯಾಯಿತು. ಆಮೇಲೆ ಅವಳು ಗೋಡೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೆಮ್ಮನ್ನು ಅದುಮಿದ್ದಕ್ಕೆ ಬೆನ್ನು ಕುಲುಕುತ್ತಿತ್ತು.

"ಘಾಟೇ ಬರ್ಲಿಲ್ಲ ನೋಡು" ಎಂದಳು, ಗಂಟಲು ಕಟ್ಟಿದ ದನಿಯಲ್ಲಿ. "ದಿಷ್ಟಿನೇ ಅದು. ಓಯ್ತದೆ ಬಿಡು."

ವಾಸನೆ ಇಲ್ಲದವನಿಗೆ ಏನೂ ತಿಳಿಯದು ಎಂದುಕೊಂಡಿದ್ದಳು, ಪಾಪ. ನನ್ನ ಗಂಟಲು ಉರಿಯುತ್ತಿತ್ತು, ಎರಡೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಊಂ, ಬರ್ಲಿಲ್ಲ" ಎಂದೆ.

ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ಕಾರಿನ ಕೀಲಿಯನ್ನು ಸಾಹುಕಾರರ ಮುಂದಿಟ್ಟೆ. ಮೂಗಿನ ಮಾತು ಬಾಯಿಗೆ ಬರಲಿಲ್ಲ. "ಕಣ್ಣು ಮಂಜಾಗೈತೆ ಸಾವ್ಕಾರ್ರೇ" ಎಂದೆ. ಇನ್ನೂ ಕೆಂಪಗಿದ್ದ ನನ್ನ ಕಣ್ಣು ನೋಡಿ ಅವರು ನಂಬಿದರು.