ನಿರ್ಮಾಲ್ಯದ ಬುಟ್ಟಿಗೆ ಹಾಕಿದ್ದು

ನಿರ್ಮಾಲ್ಯದ ಬುಟ್ಟಿಗೆ ಆ ಹೊಲಸು ಪೊಟ್ಟಣ ಹಾಕಿದವಳು ನಾನು. ಗೌರಮ್ಮ ಅಲ್ಲ. ಒಂದು ಸಲವಲ್ಲ, ಸಿಕ್ಕಿಬೀಳುವವರೆಗೂ ಹಾಕಿದೆ. ಸಿಕ್ಕಿಬಿದ್ದ ದಿನ — ಸಿಕ್ಕಿಬಿದ್ದವಳೂ ನಾನಲ್ಲ, ಅವಳು.

ಇಷ್ಟು ಬರೆಯುವುದರಲ್ಲಿ ಬೆಳಗಿನ ಹೊತ್ತು ಮುಗಿಯಿತು. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದಲ್ಲೆಲ್ಲ ಕೈ ನಿಂತುಬಿಡುತ್ತದೆ. ಬಾಯಲ್ಲೇ ಹೇಳಿ ಮುಗಿಸೋಣವೆಂದರೆ ಈ ಮನೆಯಲ್ಲಿ ಕನ್ನಡ ತಿಳಿದವರು ಮನೆ ನಡೆಸುವ ದೊಡ್ಡಕ್ಕನನ್ನು ಬಿಟ್ಟರೆ ಈಗ ಯಾರೂ ಇಲ್ಲ. ಮಿಕ್ಕವರು ತೆಲುಗಿನವರು, ಮರಾಠಿಯವರು. ನಮ್ಮ ಕಡೆಯವಳು ಅಂತ ಇದ್ದವಳು ಒಬ್ಬಳೇ. ಅವಳನ್ನು ಕಳಿಸಿದವಳು ನಾನು.

ಈ ಮನೆ ಕೇದಾರ ಘಾಟಿನಿಂದ ಶಿವಾಲ ಘಾಟಿನ ಕಡೆಗೆ ಹೋಗುವ ಗಲ್ಲಿಯಲ್ಲಿದೆ. ಕಾಶೀವಾಸಕ್ಕೆ ಬಂದ ಹೆಂಗಸರ ಮನೆ. ಸುಮ್ಮನೆ ಚೆಂದದ ಮಾತೇಕೆ, ಸಾಯುವುದಕ್ಕೆ ಬಂದ ಮುದುಕಿಯರ ಮನೆ. ನೋಡಿಕೊಳ್ಳುವವಳು ದೊಡ್ಡಕ್ಕ, ದಾವಣಗೆರೆ ಕಡೆಯವಳು. ನಮ್ಮೆಲ್ಲರಿಗಿಂತ ಚಿಕ್ಕವಳು, ಆದರೂ ದೊಡ್ಡಕ್ಕ. ಕೆಟ್ಟವಳಲ್ಲ. ಆದರೆ ಒಂದು ಕಟ್ಟಳೆ ಮಾತ್ರ ಗಟ್ಟಿ — ತನ್ನ ಮೈ ತಾನು ನೋಡಿಕೊಳ್ಳುವಷ್ಟು ದಿನ ಇಲ್ಲಿ ಜಾಗ, ಆಗದಿದ್ದರೆ ಊರಿನವರಿಗೆ ಫೋನು. ಊರಿಗೆ ಹೋದರೆ ಸಾವೂ ಊರಿನಲ್ಲೇ. ಕಾಶಿಯಲ್ಲಿ ಪ್ರಾಣ ಬಿಟ್ಟರೆ ಮತ್ತೆ ಹುಟ್ಟಬೇಕಿಲ್ಲ ಎಂದು ಇದ್ದಬದ್ದದ್ದನ್ನು ಹಂಚಿ ಬಂದವರು ನಾವು. ನಮಗೆ ಯಮನಿಗಿಂತ ಆ ಫೋನಿನ ಭಯ ದೊಡ್ಡದು.

ಗೌರಮ್ಮನೂ ನಾನೂ ಒಂದೇ ಕೋಣೆ. ಎರಡು ಮಂಚ, ನಡುವೆ ಒಂದು ಕಿಟಕಿ. ಅವಳು ಹಿರಿಯೂರಿನ ಹತ್ತಿರದವಳು, ಮಾತು ಜಾಸ್ತಿ. ಕಸ ಬೇರೆ ಮಾಡಬೇಕು ಎಂಬ ರೂಢಿ ಈ ಮನೆಗೆ ಬಂದಾಗ ನಾವೆಲ್ಲ ಗೊಣಗಿದೆವು, ಅವಳೊಬ್ಬಳಿಗೆ ಹಬ್ಬ. ಅಂಗಳದಲ್ಲಿ ಹಸಿರು ಡಬ್ಬಿ ಹಸಿ ಕಸಕ್ಕೆ, ನೀಲಿ ಡಬ್ಬಿ ಒಣ ಕಸಕ್ಕೆ. ಗಾಯದ ಪಟ್ಟಿ, ಮೈಯ ಹೊಲಸು ಬಟ್ಟೆ, ಅಂಥದ್ದಕ್ಕೆ ಮುಚ್ಚಳದ ಚಿಕ್ಕ ಕೆಂಪು ಡಬ್ಬಿ. ಗೌರಮ್ಮ ಹಾಲಿನ ಪಾಕೀಟನ್ನು ಕತ್ತರಿಸಿ, ತೊಳೆದು, ಹಗ್ಗಕ್ಕೆ ನೇತುಹಾಕಿ ಒಣಗಿಸಿ ನೀಲಿ ಡಬ್ಬಿಗೆ ಹಾಕುತ್ತಿದ್ದಳು.

"ಏನೇ, ಹಾಲಿನ ಪಾಕೀಟಿಗೂ ಗಂಗಾಸ್ನಾನ ಮಾಡಿಸ್ತೀಯಾ?" ಅಂದೆ ಒಂದು ದಿನ.

"ಹೂಂ ಕಣೇ. ಅದಕ್ಕಾದ್ರೂ ಇನ್ನೊಂದು ಜನ್ಮ ಐತೆ, ನಿಂಗೇನೈತೆ?" ಅಂದಳು.

ಹೀಗೆ ಬಾಯಿಗೆ ಬಾಯಿ ಕೊಡುವವಳು. ಈಗ ನೆನೆದರೆ — ಇರಲಿ.

ನಾಲ್ಕನೆಯದು ಡಬ್ಬಿಯಲ್ಲ, ಬಿದಿರಿನ ಬುಟ್ಟಿ. ಪೂಜೆಯ ಹೂವು, ಬಿಲ್ವಪತ್ರೆ, ತುಳಸಿ — ನಿರ್ಮಾಲ್ಯ. ಅದು ಕಸವಲ್ಲ, ಕಸದ ಜೊತೆ ಸೇರಬಾರದು, ಕಾಲಿಗೆ ತಾಗಬಾರದು. ಮೊದಲು ಗಂಗೆಗೆ ಬಿಡುತ್ತಿದ್ದೆವು. ಆಮೇಲೆ ಗಂಗೆಗೆ ಹಾಕಬಾರದೆಂದರು. ಶಿವಾಲದಲ್ಲಿ ನಾಲ್ಕಾರು ಹೆಂಗಸರು ಸೇರಿ ಅಂಥ ಹೂವಿನಿಂದ ಊದುಬತ್ತಿ ಹೊಸೆಯುತ್ತಾರೆ, ಬುಟ್ಟಿ ಅಲ್ಲಿಗೆ ಹೋಗತೊಡಗಿತು. ಹೊತ್ತುಕೊಂಡು ಹೋಗುವ ಕೆಲಸವನ್ನು ಗೌರಮ್ಮ ಕೇಳಿ ತೆಗೆದುಕೊಂಡಳು.

ಆ ಚಳಿಗಾಲದಲ್ಲೇ ನನ್ನ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಕೆಮ್ಮಿದರೆ ಒದ್ದೆ, ಎದ್ದರೆ ಒದ್ದೆ. ಅಂಗಡಿಯಲ್ಲಿ ಡೈಪರ್ ಕೇಳಿ ತರಲು ನಾಚಿಕೆ. ಬಟ್ಟೆ ಒಗೆದು ಹಾಕಿದರೆ ಮಾಳಿಗೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಕೆಂಪು ಡಬ್ಬಿ ದೊಡ್ಡಕ್ಕನ ಬಾಗಿಲ ಎದುರಿಗೇ ಇದೆ. ಕಸ ಒಯ್ಯಲು ಬರುವ ಮುನ್ನಿ ಹಸಿರು, ನೀಲಿ ಎರಡನ್ನೂ ನಮ್ಮೆದುರೇ ಕೆದಕಿ ನೋಡಿ, "ಅಮ್ಮಾಜೀ, ಗೀಲಾ ಅಲಗ್, ಸೂಖಾ ಅಲಗ್!" ಎಂದು ಹಸಿ ಬೇರೆ ಒಣ ಬೇರೆ ಮಾಡಿಸಿಯೇ ಹೋಗುವವಳು. ಇಡೀ ಮನೆಯಲ್ಲಿ ಯಾರೂ ಕೈ ಹಾಕಿ ನೋಡದ ಜಾಗ ಒಂದೇ. ದೇವರ ಬುಟ್ಟಿ.

ಸೀರೆಯ ಚೂರುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಚೆಂಡುಹೂವಿನ ಅಡಿಗೆ ತಳ್ಳಿದೆ. ಊದುಬತ್ತಿಯವರು ಹೂವನ್ನು ರಾಶಿ ಸುರಿದು ಎಲ್ಲೋ ಕೊಳೆಸುತ್ತಾರೆ, ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡೆ — ಇಲ್ಲ, ಇದು ಸುಳ್ಳು. ಅವರು ನೆಲದ ಮೇಲೆ ಕೂತು ಒಂದೊಂದೇ ಎಸಳು ಕೈಯಿಂದ ಬಿಡಿಸುತ್ತಾರೆ ಎಂದು ಗೌರಮ್ಮ ಬಂದು ಬಂದು ಹೇಳುತ್ತಿದ್ದಳು. ಗೊತ್ತಿದ್ದೇ ಹಾಕಿದೆ.

ಒಂದು ಬೆಳಿಗ್ಗೆ ನಾವೆಲ್ಲ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಊದುಬತ್ತಿಯ ಹೆಂಗಸು ಸುಶೀಲಾ ಬಂದಳು. ಕೈಯಲ್ಲಿ ಕವರು. ಕಲ್ಲಿನ ಮೇಲೆ ಇಟ್ಟು ಬಿಚ್ಚಿದಳು.

"ಭಗವಾನ್ ಕೇ ಫೂಲ್ ಮೇಂ ಯೇ?" ದೇವರ ಹೂವಿನಲ್ಲಿ ಇದಾ ಎಂದು ಕೇಳಿದಳು. ಕೂಗಲಿಲ್ಲ. ತನ್ನ ಎರಡೂ ಅಂಗೈ ಬಿಚ್ಚಿ ದೊಡ್ಡಕ್ಕನಿಗೆ ತೋರಿಸಿದಳು, ಅಷ್ಟೇ. ಇದು ಮೊದಲ ಸಲವಲ್ಲ, ಇಷ್ಟು ದಿನ ತಾಳಿಕೊಂಡೆವು, ಇನ್ನು ನಿಮ್ಮ ಮನೆಯ ಹೂವು ಬೇಡ ಎಂದಳು.

ದೊಡ್ಡಕ್ಕನ ಮುಖ ಕೆಂಪಾಯಿತು. "ಬುಟ್ಟಿ ಯಾರ್ ಕೈಲಿರೋದು?"

ಎಲ್ಲರೂ ಗೌರಮ್ಮನನ್ನು ನೋಡಿದರು. ಆಮೇಲೆ ಬಟ್ಟೆಯನ್ನು ನೋಡಿದರು. ಕಂದು ಸೀರೆ, ಹಳದಿ ಅಂಚು. ಗೌರಮ್ಮ ಆ ಸೀರೆ ಉಟ್ಟು ಘಾಟಿಗೆ ಹೋಗುತ್ತಿದ್ದದ್ದು ಇಡೀ ಮನೆಗೆ ಗೊತ್ತು. ಚಳಿಗೆ ನನ್ನ ಕೌದಿಗೆ ಒಳಗೆ ಹಚ್ಚಿಕೋ ಎಂದು ಅದನ್ನು ಅವಳು ನನಗೆ ಕೊಟ್ಟದ್ದು ಮಾತ್ರ ನಮ್ಮಿಬ್ಬರಿಗಷ್ಟೇ ಗೊತ್ತು.

"ನಂದೇ ಸೀರೆ," ಅಂದಳು ಗೌರಮ್ಮ. ಹತ್ತಿರ ಹೋಗಿ ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಏ ಪಾರ್ವತಿ, ಇದನ್ನ ನಿಂಗ್ ಕೊಟ್ಟಿದ್ನಲ್ಲೇ?"

ಅವಳ ದನಿಯಲ್ಲಿ ಆರೋಪ ಇರಲಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಕೇಳುತ್ತಾರಲ್ಲ, ಹಾಗೆ ಕೇಳಿದಳು. ನಾನು ಹೂಂ ಅನ್ನಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು.

"ನಂಗೆಲ್ಲಿ ಕೊಟ್ಟೆ?" ಅಂದೆ. "ನಿನ್ನ ಟ್ರಂಕಿನಾಗೇ ಇತ್ತಲ್ಲೇ. ನೀನೇ ಹಾಕಿರ್ಬೇಕು. ಮರ್ತಿದೀಯ."

ಅವಳು ನನ್ನನ್ನೇ ನೋಡಿದಳು. ನಾನು ಕಣ್ಣು ತೆಗೆಯಲಿಲ್ಲ — ತೆಗೆದಿದ್ದರೆ ಅವಳಿಗೆ ತಿಳಿಯುತ್ತಿತ್ತು. ಅದಕ್ಕೇ ತೆಗೆಯಲಿಲ್ಲ. ಅವಳ ಮುಖದಲ್ಲಿ ಏನೋ ಸಡಿಲವಾಯಿತು.

"ಹಂಗಾದ್ರೆ ನಾನೇ ಇರ್ಬೇಕು," ಅಂದಳು. ಸುಶೀಲಾಳ ಕೈ ಹಿಡಿಯಲು ಹೋಗಿ, ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು. "ಮಾಫ್ ಕರೋ ಬೇಟಿ. ನಂಗೆ ಗೊತ್ತೇ ಆಗಿಲ್ಲ."

ಅವಳಿಗೆ ಮರೆವಿರಲಿಲ್ಲ. ಕನ್ನಡಕ ಮರೆಯುತ್ತಿದ್ದಳು, ಅದು ಯಾರು ಮರೆಯುವುದಿಲ್ಲ? ಮರೆವನ್ನು ಅವಳಿಗೆ ಕೊಟ್ಟವಳು ನಾನು, ಆ ಬೆಳಿಗ್ಗೆ. ಅಲ್ಲಿಂದ ಅವಳು ತಾನು ಮಾಡಿದ್ದನ್ನೆಲ್ಲ ನನ್ನ ಹತ್ತಿರ ಕೇಳತೊಡಗಿದಳು. ದೀಪ ಆರಿಸಿದ್ನೇನೇ? ಬಾಗಿಲು ಹಾಕಿದ್ನೇನೇ? ನಾನು ಉತ್ತರ ಕೊಡುತ್ತಿದ್ದೆ, ಒಳ್ಳೆಯವಳ ಹಾಗೆ.

ದೊಡ್ಡಕ್ಕ ಫೋನು ಮಾಡಿದಳು. ಹೊಸಪೇಟೆಯಿಂದ ಗೌರಮ್ಮನ ತಂಗಿಯ ಮಗಳು ಬಂದಳು. ಹೊರಡುವಾಗ ಗೌರಮ್ಮ ಅಳಲಿಲ್ಲ. ಗಲ್ಲಿಯಲ್ಲಿ ಸ್ವಲ್ಪ ದೂರ ಹೋಗಿ ತಿರುಗಿ ಬಂದು, "ಪಾರ್ವತಿ, ಹಾಲಿನ ಪಾಕೀಟು ಹಗ್ಗದ ಮ್ಯಾಲೈತೆ, ತೆಗೆದಿಡು," ಅಂದಳು. ಅದೇ ಕೊನೆ.

ಆಮೇಲಿನದು ಇನ್ನೂ ನಾಚಿಕೆಗೇಡು. ದೊಡ್ಡಕ್ಕ ಸುಶೀಲಾಳ ಹತ್ತಿರ ಹೋಗಿ ಕೇಳಿಕೊಂಡು ಹೂವಿನ ಬುಟ್ಟಿಯನ್ನು ಮತ್ತೆ ಶುರುಮಾಡಿಸಿದಳು, ಅದನ್ನು ಹೊರುವುದಕ್ಕೆ ನನ್ನನ್ನು ಇಟ್ಟಳು. ಹೊತ್ತೆ. ವರ್ಷಗಳೇ ಹೊತ್ತೆ. ನಿಮ್ಮ ಹೂವು ಎಷ್ಟು ಶುದ್ಧ ಅಮ್ಮಾ ಎಂದು ಆ ಹೆಂಗಸರು ಅಂದರೆ ತಲೆಯಾಡಿಸಿ ಬಂದೆ. ನನ್ನ ಬಟ್ಟೆಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಘಾಟಿನ ದಾರಿಯ ದೊಡ್ಡ ಡಬ್ಬಿಗೆ ಎಸೆದು ಬರುತ್ತಿದ್ದೆ. ಪಕ್ಕದ ಮಂಚಕ್ಕೆ ಯಾರೂ ಬರಲಿಲ್ಲ. ಮೊದಮೊದಲು ವಾಸನೆ ಕಂಡುಹಿಡಿಯುವವರಿಲ್ಲ ಎಂದು ನೆಮ್ಮದಿಯಾಯಿತು. ಆಮೇಲೆ ಇಡೀ ದಿನ ಒಂದು ಕನ್ನಡದ ಮಾತು ಕಿವಿಗೆ ಬೀಳದೆ ಹೋಗುವ ದಿನಗಳು ಬಂದವು. ಕನಸಿನಲ್ಲೂ ಯಾರೋ ಹಿಂದಿ ಮಾತಾಡುತ್ತಿದ್ದರು.

ಈ ಸಲ ಶಿವರಾತ್ರಿ ಕಳೆದ ಮೇಲೆ ಆ ತಂಗಿಯ ಮಗಳು ಬಂದಿದ್ದಳು, ಗೌರಮ್ಮನ ಅಸ್ಥಿ ಬಿಡುವುದಕ್ಕೆ. ಕೋಣೆಗೆ ಬಂದು ಖಾಲಿ ಮಂಚದ ಮೇಲೆ ಕೂತಳು.

"ಕೊನೆಕೊನೆಗೆ ದೊಡ್ಡಮ್ಮ ಏನನ್ನೂ ಬಿಸಾಡ್ತಿರ್ಲಿಲ್ಲ ಅಜ್ಜಿ," ಅಂದಳು. "ಬಾಳೆಹಣ್ಣು ತಿಂದ್ರೆ ಸಿಪ್ಪೆ ಕೈಯಾಗೇ ಹಿಡ್ಕಂಡು ಕೂರೋರು. ಕಪ್ಪಾಗಿ ಅಂಟಂಟಾದ್ರೂ ಬಿಡ್ತಿರ್ಲಿಲ್ಲ. 'ಎಲ್ಲಿ ಹಾಕ್ಲಿ, ನಂಗ್ ಗೊತ್ತಾಗಲ್ಲ, ಪಾರ್ವತೀನ ಕೇಳು' ಅನ್ನೋರು. ನೀವಂದ್ರೆ ಅಷ್ಟು ನಂಬಿಕೆ."

ನಾನು ಅವಳಿಗೆ ಚಹಾ ತಂದುಕೊಟ್ಟೆ. ಆಗಲೂ ಹೇಳಲಿಲ್ಲ. ಅವಳು ಹೋದಳು.

ಗೌರಮ್ಮ ಗಂಗೆಗೆ ಬಂದಳು, ಬೂದಿಯಾಗಿ. ಇಲ್ಲೇ ಸಾಯಬೇಕಾಗಿದ್ದವಳು.

ಭಯ ಇತ್ತು ಅಂತ ಬರೆಯಬಹುದು. ಇತ್ತು. ಅವಳಿಗೂ ಅದೇ ಭಯ ಇತ್ತಲ್ಲ.

ಮೊನ್ನೆ ಬೆಳಿಗ್ಗೆ ಎಲ್ಲರೂ ಚಹಾಕ್ಕೆ ಕೂತಾಗ ನನ್ನ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ, ಕೈಯಲ್ಲೇ ಹಿಡಿದು, ಅಂಗಳ ದಾಟಿ ಕೆಂಪು ಡಬ್ಬಿಗೆ ಹಾಕಿದೆ. ಮುಚ್ಚಳ ಸದ್ದಾಯಿತು. ದೊಡ್ಡಕ್ಕ ತಲೆಯೆತ್ತಿದಳು.

"ಅವತ್ತಿನದೂ ನಂದೇ," ಅಂದೆ. "ಗೌರಮ್ಮ ಆ ಸೀರೆ ನಂಗೆ ಕೊಟ್ಟಿದ್ಲು. ಅವ್ಳು ಏನೂ ಮರ್ತಿರ್ಲಿಲ್ಲ."

ದೊಡ್ಡಕ್ಕ ಚಹಾದ ಲೋಟ ಕೆಳಗಿಟ್ಟಳು. ಮರಾಠಿಯವಳು ಏನಾಯಿತು ಎಂದು ತೆಲುಗಿನವಳನ್ನು ಹಿಂದಿಯಲ್ಲಿ ಕೇಳಿದಳು, ಅವಳಿಗೂ ತಿಳಿದಿರಲಿಲ್ಲ. ಕೊನೆಗೆ ದೊಡ್ಡಕ್ಕ, "ನಿಮ್ಮ ತಮ್ಮನ ಮಗನ ನಂಬರ್ ಕೊಡ್ರಿ ಪಾರ್ವತಮ್ಮಾರೆ," ಅಂದಳು. ಕೊಟ್ಟೆ.

ಶಿವಾಲಕ್ಕೆ ಹೋಗಿ ಸುಶೀಲಾಳಿಗೂ ಹೇಳಿದೆ, ನನಗೆ ಬರುವ ಹರಕು ಹಿಂದಿಯಲ್ಲಿ. ಅವಳು ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕೂರು ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಈ ಕಾಗದವನ್ನು ಹೊಸಪೇಟೆಗೆ ಕಳಿಸುತ್ತೇನೆ. ತಂಗಿಯ ಮಗಳೇ, ನಿಮ್ಮ ದೊಡ್ಡಮ್ಮ ಪಾರ್ವತಿಯನ್ನು ಕೇಳು ಎಂದರಲ್ಲ, ಪಾರ್ವತಿಯ ಉತ್ತರ ಇದು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳು. ಸಿಪ್ಪೆ ಹಸಿರು ಡಬ್ಬಿಗೆ ಎಂದು ಅವಳಿಗೆ ಗೊತ್ತಿತ್ತು. ಕೊನೆಯವರೆಗೂ ಗೊತ್ತಿತ್ತು.