ಮಲಾವಿಯಿಂದ ಬಂದ ಫೋನು

೨೦೨೧ನೇ ಇಸವಿ, ಬೇಸಿಗೆ ಆಗಷ್ಟೇ ಏರತೊಡಗಿತ್ತು. ಗೋಕಾಕದ ಹತ್ತಿರದ ಅರಭಾವಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ತೋಟಗಾರಿಕೆ ಕಾಲೇಜಿನ ಹುಡುಗ ಹುಡುಗಿಯರೇ ಹೆಚ್ಚಾಗಿ ಊಟಕ್ಕೆ ಬರುತ್ತಾರೆ. ಅವರಲ್ಲಿ ಚಿಕೊಂಡಿ ಎಂಬ ಹುಡುಗಿ ಆಫ್ರಿಕಾದ ಮಲಾವಿ ದೇಶದಿಂದ ಓದಲು ಬಂದವಳು. ನಮ್ಮ ಅತ್ತೆಗೆ ಆ ಹೆಸರು ನಾಲಿಗೆಗೆ ಹೊರಳಲಿಲ್ಲ. ‘ಚಿಕ್ಕಿ’ ಎಂದೇ ಕರೆಯತೊಡಗಿದರು. ನಮ್ಮ ಕಡೆ ಚಿಕ್ಕಿ ಎಂದರೆ ಆಕಾಶದ ನಕ್ಷತ್ರ ಎಂದು ತಿಳಿದ ಮೇಲೆ ಆಕೆಗೂ ಅದೇ ಹೆಸರು ಹಿಡಿಸಿಬಿಟ್ಟಿತು.

ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ಆಕೆ ಫೋನು ಹಿಡಿದುಕೊಂಡು ಸೀದಾ ಅಡುಗೆಮನೆಗೇ ಓಡಿ ಬಂದಳು. ಫೋಟೋದಲ್ಲಿ ಆಕೆಯ ತಾಯಿ ಅಂಗಿಯ ತೋಳು ಮಡಚಿಕೊಂಡು ಕುಳಿತು ನಗುತ್ತಿದ್ದರು. ಅವರು ಹಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಕೊರೊನಾ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡಿದ್ದರು.

“ಅಕ್ಕಾ, ಈ ಲಸಿಕಿ ನಿಮ್ಮ ದೇಶದ್ದು. ಇಲ್ಲಿಂದ ಬಂದೈತಿ” ಎಂದಳು ಚಿಕ್ಕಿ.

ಲಸಿಕೆ ತಯಾರಾಗಿದ್ದು ಪುಣೆಯಲ್ಲಿ ಎಂದು ಕೇಳಿ ಅತ್ತೆಗೆ ಹಿಗ್ಗೋ ಹಿಗ್ಗು. ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಪುಣೆ ಮುಟ್ಟುತ್ತೇವಲ್ಲ! ತಮ್ಮ ತವರಿನಿಂದಲೇ ಬುತ್ತಿ ಹೋದಂತೆ ಓಣಿಯವರಿಗೆಲ್ಲ ಹೇಳಿಕೊಂಡು ಬಂದರು.

ಮುಂದಿನ ತಿಂಗಳೇ ಎರಡನೇ ಅಲೆ ನಮ್ಮ ಮೇಲೆ ಬಿತ್ತು. ಕಾಲೇಜು ಮುಚ್ಚಿತು, ಹುಡುಗರು ಊರಿಗೆ ಹೋದರು, ಖಾನಾವಳಿಯ ಒಲೆ ಆರಿತು. ಮಲಾವಿಗೆ ಹೋಗಲು ವಿಮಾನವೆಲ್ಲಿ? ಚಿಕ್ಕಿಯನ್ನು ನಾವೇ ಕರೆತಂದು ಮಾಳಿಗೆಯ ಕೋಣೆಯಲ್ಲಿ ಇರಿಸಿಕೊಂಡೆವು. ಆಕೆ ಅತ್ತೆಯಿಂದ ರೊಟ್ಟಿ ಬಡಿಯಲು ಕಲಿತಳು, ಬಡಿಯುತ್ತಲೇ ತನ್ನ ಅರೆಬರೆ ಕನ್ನಡವನ್ನು ಚೆನ್ನಾಗಿ ಕಲಿತಳು.

ಲಸಿಕೆ ಹಾಕುವ ಸಾಲಿನಲ್ಲಿ ಜನ ಬೆಳಗಿನಿಂದ ನಿಲ್ಲುವುದು, ‘ಸ್ಟಾಕ್ ಇಲ್ಲ’ ಎಂದು ಕೇಳಿ ವಾಪಸಾಗುವುದು ದಿನದ ಪಾಡಾಯಿತು. ನಮಗೆ ಹಾಲು ಹಾಕುತ್ತಿದ್ದ ಸಿದ್ದಪ್ಪ ಕಾಕಾ ಮಸಗುಪ್ಪಿಯವರು. ಮೊದಲು ಕುರಿ ಕಾಯುತ್ತಿದ್ದವರು, ಈಗ ಎಮ್ಮೆ ಕಟ್ಟಿದ್ದರು. ಅವರ ಹೆಂಡತಿ ರುಕ್ಮವ್ವ ಕಾಕು ಲಸಿಕೆಗೆಂದು ಹೋಗಿ ಹೋಗಿ ಬರಿಗೈಯಲ್ಲಿ ಬಂದಿದ್ದರು. ಮೇ ತಿಂಗಳಲ್ಲಿ ಜ್ವರ ಹಿಡಿಯಿತು. ಗೋಕಾಕದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಮಣ್ಣಿಗೆ ಹೋಗಲೂ ನಮಗೆ ಆಗಲಿಲ್ಲ.

ಕೆಲವು ದಿನ ಬಿಟ್ಟು ಕಾಕಾ ಮತ್ತೆ ಹಾಲು ತಂದರು. ಮುಖ ಬತ್ತಿ ಹೋಗಿತ್ತು. ಕ್ಯಾನು ಕೆಳಗಿಟ್ಟವರೇ, “ನಮ್ಮ ಮನಿಗಿ ಇಲ್ಲದ್ದನ್ನ ಹೊರಗಿನ ದೇಶಕ್ಕ ಕಳಿಸಿದ್ರಂತ. ಒಂದ ಸೂಜಿ ಸಿಕ್ಕಿದ್ದರ ನನ್ನ ಹೇಣ್ತಿ ಉಳೀತಿದ್ಲೋ ಏನೋ” ಎಂದರು.

ಚಿಕ್ಕಿ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆ ಮಾತು ಅರ್ಥವಾಗುವಷ್ಟು ಕನ್ನಡ ಆಕೆಗೆ ಆಗಲೇ ಬಂದಿತ್ತು. ಆಕೆ ಪಾತ್ರೆ ಕೆಳಗಿಟ್ಟು ಹೊರಗೆ ಬಂದಳು.

“ಕಾಕಾ, ನಮ್ಮ ಅವ್ವಗ ಸಿಕ್ಕೈತ್ರಿ. ಕಾಕುಗ ಸಿಗಲಿಲ್ಲ. ನನಗ ಏನ್ ಹೇಳಬೇಕೋ ತಿಳಿವಲ್ದು” ಎಂದಳು. ಮಾತು ಮುಗಿಯುವುದರೊಳಗೆ ಅಳು ಬಂದುಬಿಟ್ಟಿತು.

ಕಾಕಾ ಗಲಿಬಿಲಿಗೊಂಡರು. ಆಕೆಯ ತಾಯಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಹಾಲು ಅಳೆದು ಹಾಕಿದರು. ಗಾಡಿ ಹತ್ತುವ ಮೊದಲು ತಿರುಗಿ, “ನಿಮ್ಮವ್ವ ಏನ್ ಮಾಡ್ತಾಳ?” ಎಂದು ಕೇಳಿದರು. ನರ್ಸ್ ಎಂದೆ. ತಲೆಯಾಡಿಸಿ ಹೋದರು.

ಅಷ್ಟರಲ್ಲಿ ನಮ್ಮ ದೇಶದಿಂದ ಲಸಿಕೆ ಹೊರಗೆ ಹೋಗುವುದು ನಿಂತಿತ್ತು. ಇಲ್ಲಿಯ ಸಂಕಟ ನೋಡಿದರೆ ಅದೇ ಸರಿ ಅನ್ನಿಸುತ್ತಿತ್ತು. ಮೇಲಿನಿಂದ ಚಿಕ್ಕಿ ಇಳಿದು ಬರುವುದನ್ನು ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ಆಕೆಯ ತಾಯಿಗೆ ಎರಡನೇ ಡೋಸಿನ ಹೊತ್ತಿಗೆ ಅಲ್ಲಿ ಲಸಿಕೆ ಖಾಲಿಯಾಗಿತ್ತು, ರೋಗ ಮಾತ್ರ ಏರುತ್ತಿತ್ತು. ಅವರು ಅದೇ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದರು.

ಜೂನ್ ಕೊನೆಗೆ ಅತ್ತೆಯ ಪಾಳಿ ಬಂತು. ಸಾಲೆಯ ಕೋಣೆಯಲ್ಲಿ ಲಸಿಕೆ ಹಾಕುತ್ತಿದ್ದರು. ಸಿಸ್ಟರ್ ಸಿರಿಂಜು ತೆಗೆದುಕೊಳ್ಳುತ್ತಿದ್ದಂತೆ ಅತ್ತೆ ಸೆರಗು ಹಿಡಿದುಕೊಂಡು, “ತಡಿರಿ ಬಾಯಾರ. ನಂದು ವಯಸ್ಸಾತು. ಇದನ್ನ ನಮ್ಮ ಚಿಕ್ಕಿ ಅವ್ವಗ ಕಳಿಸಾಕ ಬರ್ತೈತೇನ್ರಿ?” ಎಂದು ಕೇಳಿದರು.

ಹಿಂದೆ ನಿಂತವರು ನಕ್ಕರು. ನಾನು ವಿಷಯ ಹೇಳಿದೆ. ಆ ಸಿಸ್ಟರ್ ನಗಲಿಲ್ಲ. “ಹಂಗ ಬರಂಗಿಲ್ಲ ಆಯಿ. ನೀವು ಹಾಕ್ಕೋರಿ. ಅವರಿಗೂ ಬರ್ತೈತಿ, ಬರಬೇಕು” ಎಂದು ಅತ್ತೆಯ ತೋಳು ಸವರಿ ಸೂಜಿ ಚುಚ್ಚಿದರು.

ಬಂದದ್ದು ಬೇರೆ ಸುದ್ದಿ. ಜುಲೈನಲ್ಲಿ ಚಿಕ್ಕಿಯ ಮಾವನ ಫೋನು ಬಂತು. ತಾಯಿಗೆ ಸೋಂಕು ತಗುಲಿದೆ, ಉಸಿರಾಟದ ತೊಂದರೆ, ತಾನು ದುಡಿಯುವ ಆಸ್ಪತ್ರೆಯಲ್ಲೇ ಮಲಗಿದ್ದಾರೆ. ಅಷ್ಟು ಹೇಳುವುದರೊಳಗೆ ಕರೆ ಕಡಿದುಹೋಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಆ ದಿನಗಳಲ್ಲಿ ಚಿಕ್ಕಿ ಫೋನನ್ನು ಕೈಯಿಂದ ಬಿಡುತ್ತಿರಲಿಲ್ಲ. ಸಿಗ್ನಲ್ ಸಿಗಲೆಂದು ಮಾಳಿಗೆಯ ಮೂಲೆ ಮೂಲೆಗೆ ನಿಲ್ಲುತ್ತಿದ್ದಳು. ಅತ್ತೆ ರೊಟ್ಟಿ ಮುರಿದು ಬಾಯಿಗಿಟ್ಟರೆ ಮಾತ್ರ ಒಂದೆರಡು ತುತ್ತು ಇಳಿಯುತ್ತಿತ್ತು. ನಾನೂ ಏನೇನೋ ಧೈರ್ಯ ಹೇಳುತ್ತಿದ್ದೆ, ನನ್ನ ಧೈರ್ಯ ನನಗೇ ಸಾಲುತ್ತಿರಲಿಲ್ಲ.

ಸಿದ್ದಪ್ಪ ಕಾಕಾಗೆ ಹೇಳಬೇಕೋ ಬೇಡವೋ ಎಂದು ನಾನು ಸುಮ್ಮನಿದ್ದೆ. ಅತ್ತೆ ಹೇಳಿಬಿಟ್ಟರು. ಮರುದಿನ ಕಾಕಾ ಗಾಡಿ ನಿಲ್ಲಿಸುವ ಮೊದಲೇ ಕೇಳಿದರು, “ಫೋನ್ ಬಂತೇನವಾ?” ಸಂಜೆ ಮತ್ತೆ ಅದೇ ಪ್ರಶ್ನೆ. ಇಲ್ಲ ಎಂದರೆ ಹಾಲು ಹಾಕಿ ತಲೆ ತಗ್ಗಿಸಿ ಹೋಗುತ್ತಿದ್ದರು. ಒಂದು ದಿನ ಬಂಡಾರದ ಅರಿಶಿನ ಪುಡಿಯ ಪೊಟ್ಟಣ ತಂದು, “ನಮ್ಮ ದೇವರದ್ದು. ಹುಡುಗಿಗಿ ಹಚ್ಚು” ಎಂದರು. ಚಿಕ್ಕಿ ಚರ್ಚಿಗೆ ಹೋಗುವವಳು. ಆದರೂ ತಾನೇ ಹಣೆ ಮುಂದೆ ಮಾಡಿದಳು.

ಒಂದು ಸಂಜೆ ಕಾಕಾ ಹಾಲು ಅಳೆಯುತ್ತಿದ್ದರು. ಮಾಳಿಗೆಯ ಮೇಲೆ ಚಿಕ್ಕಿ ಜೋರಾಗಿ ಕೂಗಿದ್ದು ಕೇಳಿತು. ಅವಳ ಭಾಷೆ, ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಅತ್ತೆ ಗೋಡೆ ಹಿಡಿದು ನಿಂತರು. ಮೆಟ್ಟಿಲು ಧಡಧಡ ಇಳಿದು ಬಂದವಳು ಫೋನನ್ನು ನಮ್ಮ ಮುಖದ ಮುಂದೆ ಹಿಡಿದಳು. ತೆರೆಯ ಮೇಲೆ ಆಕೆಯ ತಾಯಿ. ತೀರಾ ಸೊರಗಿದ್ದರು, ದಿಂಬಿಗೆ ಒರಗಿದ್ದರು, ಆದರೆ ಕಣ್ಣು ತೆರೆದು ನಮ್ಮನ್ನೇ ನೋಡುತ್ತಿದ್ದರು. ಮೆಲ್ಲಗೆ ಕೈ ಎತ್ತಿದರು.

“ಅವ್ವ ಆರಾಮ ಅದಾಳ್ರಿ! ಆಕ್ಸಿಜನ್ ತಗದಾರಂತ!” ಎಂದಳು ಚಿಕ್ಕಿ.

ಅತ್ತೆ ಆ ಫೋನಿಗೇ ಕೈ ಮುಗಿದರು. ನಾನು ತಿರುಗಿ ನೋಡಿದರೆ ಸಿದ್ದಪ್ಪ ಕಾಕಾ ಕಟ್ಟೆಯ ಮೇಲೆ ಕುಸಿದು ಕುಳಿತಿದ್ದರು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಹೆಂಡತಿ ಸತ್ತ ಮೇಲೆ ಅವರು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಚಿಕ್ಕಿ ಓಡಿ ಹೋಗಿ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡಳು.

“ಉಳದಳಲ್ಲ ಬಿಡವಾ” ಎಂದರು ಕಾಕಾ. “ಒಬ್ಬಾಕಿಯಾದ್ರೂ ಉಳದಳಲ್ಲ.”

ಮೊದಲ ಡೋಸ್ ಇದ್ದದ್ದರಿಂದಲೇ ಬದುಕಿದರೋ, ಆಯುಷ್ಯ ಗಟ್ಟಿಯಿತ್ತೋ, ನಾನು ಹೇಳಲಾರೆ. ಮುಂದೆ ಯುರೋಪಿನ ಯಾವುದೋ ದೇಶ ಕೊಟ್ಟ ಲಸಿಕೆ ಮಲಾವಿಗೆ ಬಂತು, ಅವರಿಗೆ ಎರಡನೇ ಡೋಸೂ ಸಿಕ್ಕಿತು. ಇಲ್ಲಿ ಓದುವ ಪರದೇಶದವರಿಗೂ ಲಸಿಕೆ ಹಾಕಲು ಶುರುವಾದಾಗ ಚಿಕ್ಕಿ ಪಾಸ್‌ಪೋರ್ಟ್ ತೋರಿಸಿ ಹಾಕಿಸಿಕೊಂಡಳು. ಓದು ಮುಗಿಸಿ ಊರಿಗೆ ಹೋದಳು. ಈಗ ಅಲ್ಲಿಯ ರೈತರಿಗೆ ತರಕಾರಿ ಬೆಳೆಯುವುದನ್ನು ಕಲಿಸುತ್ತಾಳೆ.

ಯಾವ ದೇಶಕ್ಕೆ ಮೊದಲು, ಯಾರಿಗೆ ಆಮೇಲೆ ಎಂದು ಟಿವಿಯಲ್ಲಿ ದೊಡ್ಡವರು ವಾದಿಸುವಾಗ ನನಗೆ ಇಂದಿಗೂ ಸರಿಯುತ್ತರ ತಿಳಿಯದು. ರುಕ್ಮವ್ವ ಕಾಕುಗೆ ಒಂದು ಡೋಸ್ ಸಿಗಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಚಿಕ್ಕಿಯ ತಾಯಿಗೂ ಸಿಗಬೇಕಿತ್ತು. ಎಲ್ಲರಿಗೂ ಸಾಲುವಷ್ಟು ಮಾಡಿ, ಹೆಚ್ಚು ಅಪಾಯದಲ್ಲಿ ಇರುವವರಿಗೆ ಮೊದಲು ಮುಟ್ಟಿಸುವುದು ಮನುಷ್ಯರಿಗೆ ಆಗದ ಕೆಲಸವೇನಲ್ಲ ಅನ್ನಿಸುತ್ತದೆ. ತನ್ನ ಮನೆಯ ದೀಪ ಆರಿದವನೊಬ್ಬ, ಎಂದೂ ಕಾಣದ ದೇಶದ ಹೆಣ್ಣುಮಗಳು ಬದುಕಿದಳೆಂದು ಹಗುರಾಗಿ ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಸಂಜೆ ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡೆವು. ಕಾಕಾ ಕೂಡ ನಮ್ಮ ಜೊತೆ ಕುಳಿತು ಉಂಡು ಹೋದರು.